ಮೇ ತಿಂಗಳ ಬಿಸಿಲು ನಂಬಬೇಡಿ: ಕೆನಡಾದಲ್ಲಿ ಬದನೆ ಸಸಿ ಕಾಯುವ ಕೆಲಸ

ಮೇ ತಿಂಗಳಲ್ಲಿ ಊರಿನಿಂದ ಫೋನ್ ಬಂದರೆ ಮಾತು ಶುರುವಾಗುವುದೇ ಸೆಕೆಯಿಂದ. ‘ಇಲ್ಲಿ ತಲೆ ಸುಡುವ ಬಿಸಿಲು, ನಿಮಗೇನಪ್ಪ, ತಂಪಾಗಿದ್ದೀರಿ’ ಎನ್ನುತ್ತಾರೆ. ಒಂಟಾರಿಯೊ ಪ್ರಾಂತ್ಯದ ಮಿಸಿಸಾಗಾ, ಬ್ರಾಂಪ್ಟನ್, ಮಿಲ್ಟನ್ ಕಡೆ ನೆಲೆಸಿರುವ ನಾವು ಆ ಹೊತ್ತಿನಲ್ಲಿ ತಂಪಾಗಿರುವುದು ನಿಜ. ಆದರೆ ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ಸಾಲಾಗಿ ನಿಂತಿರುವ ಬದನೆ ಸಸಿಗಳಿಗೆ ಮಾತ್ರ ಆ ತಂಪು ಒಗ್ಗುವುದಿಲ್ಲ. ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿದ್ದರೂ ಸಸಿಗಳನ್ನು ಮನೆಯೊಳಗೇ ಇಟ್ಟುಕೊಂಡು ಜೂನ್ ಬರಲೆಂದು ಕಾಯುತ್ತಿರುತ್ತೇವೆ.

ಬದನೆಕಾಯಿ ಇಲ್ಲಿನ ಅಂಗಡಿಗಳಲ್ಲಿ ಸಿಗುವುದಿಲ್ಲವೆಂದಲ್ಲ. ಭಾರತೀಯರ ಅಂಗಡಿಗಳಲ್ಲಿ ಪುಟ್ಟ ಗುಂಡು ಬದನೆ, ಉದ್ದ ಬದನೆ, ದೊಡ್ಡ ಕಪ್ಪು ಬದನೆ ವರ್ಷವಿಡೀ ಇರುತ್ತವೆ. ಆದರೆ ದೂರದಿಂದ ಬಂದು, ಶೀತಲ ಪೆಟ್ಟಿಗೆಯಲ್ಲಿ ದಿನ ಕಳೆದು, ತೊಟ್ಟು ಕಂದಾದ ಕಾಯಿಯಲ್ಲಿ ಎಣ್ಣೆಗಾಯಿ ಮಾಡುವುದೇ ಬೇರೆ, ಬೆಳಿಗ್ಗೆ ಗಿಡದಿಂದ ಕಿತ್ತದ್ದರಲ್ಲಿ ಮಾಡುವುದೇ ಬೇರೆ. ಅದಕ್ಕಾಗಿಯೇ ಹಿತ್ತಲಿನಲ್ಲಿ ನಾಲ್ಕಡಿ ಜಾಗವಿರುವ ಕನ್ನಡಿಗರ ಮನೆಯಲ್ಲಿ ಬೇಸಿಗೆಗೆ ಮೆಂತ್ಯ, ಕೊತ್ತಂಬರಿ, ಮೆಣಸಿನಕಾಯಿಯ ಜೊತೆ ಬದನೆಗೂ ಒಂದು ಪಾತಿ ಇದ್ದೇ ಇರುತ್ತದೆ. ಊರಿನಿಂದ ಅಪ್ಪ ಅಮ್ಮ ಬಂದಿದ್ದರಂತೂ ಆ ಪಾತಿಯ ಯಜಮಾನಿಕೆ ಅವರದೇ.

ನನ್ನದು ಲೆಕ್ಕಪತ್ರದ ಉದ್ಯೋಗ. ಇಲ್ಲಿ ವೈಯಕ್ತಿಕ ಆದಾಯ ತೆರಿಗೆ ವಿವರ ಸಲ್ಲಿಸಲು ಏಪ್ರಿಲ್ 30 ಕೊನೆಯ ದಿನ. ಬದನೆ ಬೀಜ ಹಾಕುವ ಕಾಲವೂ ನಮ್ಮ ಕೆಲಸದ ಒತ್ತಡದ ಕಾಲವೂ ಒಂದೇ. ಎರಡರಲ್ಲೂ ದಿನಾಂಕ ಮುಖ್ಯ. ಆದರೆ ತೆರಿಗೆಯ ದಿನಾಂಕವನ್ನು ಸರ್ಕಾರ ಹೇಳುತ್ತದೆ, ಬದನೆಯ ದಿನಾಂಕವನ್ನು ಮಣ್ಣು ಹೇಳುತ್ತದೆ.

‘ಬಿಸಿಲ ಇಷ್ಟ್ ಚಂದ ಐತಿ...’

ನಮ್ಮ ಬೀದಿಯಲ್ಲಿರುವ ಕನ್ನಡದ ಕುಟುಂಬವೊಂದಕ್ಕೆ ಒಂದು ವರ್ಷ ಏಪ್ರಿಲ್ ಕೊನೆಯಲ್ಲಿ ಹಾವೇರಿ ಕಡೆಯಿಂದ ಹಿರಿಯರು ಬಂದರು. ಮೂವತ್ತು ವರ್ಷ ಮೆಣಸಿನಕಾಯಿ, ಬದನೆ ಬೆಳೆದವರು. ಮಗ ಸೊಸೆ ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ಅವರೊಬ್ಬರೇ. ಮೇ ಎರಡನೇ ವಾರದ ಒಂದು ಶನಿವಾರ ಬೇಲಿಯಾಚೆಯಿಂದ ನನ್ನ ಕಿಟಕಿಯ ಸಸಿಗಳನ್ನು ನೋಡಿ ಕೇಳಿದರು: ‘ತಮ್ಮಾ, ಬಿಸಿಲ ಇಷ್ಟ್ ಚಂದ ಬಿದ್ದೈತಿ. ಸಸಿ ಯಾಕ ಒಳಗ ಇಟ್ಟೀರಿ? ಹಚ್ಚಿಬಿಡ್ರಲ್ಲ.’

‘ಕಾಕಾ, ಒಮ್ಮೆ ನೆಲಾ ಮುಟ್ಟಿ ನೋಡ್ರಿ’ ಎಂದೆ. ಪಾತಿಯ ಹತ್ತಿರ ಕುಳಿತು ನಾಲ್ಕು ಬೆರಳು ಮಣ್ಣೊಳಗೆ ಇಳಿಸಿದವರು ತಟ್ಟನೆ ಕೈ ಹಿಂದಕ್ಕೆ ತೆಗೆದರು. ‘ಅಬ್ಬಾ, ಬಾವಿ ನೀರಾಗ ಕೈ ಹಾಕಿದಂಗ ಆತು’ ಎಂದರು. ಮಣ್ಣಿಗೆ ಚುಚ್ಚುವ ಥರ್ಮಾಮೀಟರ್ ತೋರಿಸಿದ್ದು 11 ಡಿಗ್ರಿ ಸೆಲ್ಸಿಯಸ್. ಮೇಲೆ ಬಿಸಿಲಿದ್ದರೂ ಕೆಳಗೆ ಇನ್ನೂ ಚಳಿಗಾಲವೇ ಮಲಗಿತ್ತು.

ಊರಿನಲ್ಲಿ ಬೇಸಾಯ ಗೊತ್ತಿರುವವರಿಗೆ ಇಲ್ಲಿ ತಬ್ಬಿಬ್ಬಾಗುವುದು ಈ ಒಂದು ಸಂಗತಿಯಲ್ಲೇ. ಕರ್ನಾಟಕದ ಬಹುಭಾಗದಲ್ಲಿ ನೀರಿದ್ದರೆ ಬದನೆಯನ್ನು ಯಾವ ಕಾಲಕ್ಕಾದರೂ ನಾಟಿ ಮಾಡಬಹುದು. 2011ರಲ್ಲಿ ಭೌಗೋಳಿಕ ಗುರುತು ಪಡೆದ ಉಡುಪಿಯ ಮಟ್ಟುಗುಳ್ಳಕ್ಕೆ ಒಂದು ಕಾಲವಿದೆಯೆಂದರೆ ಅದು ಮಳೆಗಾಲ ಮುಗಿಯಲೆಂದು ಕಾಯುವ ಕಾಲ, ಚಳಿಗೆ ಹೆದರುವ ಕಾಲವಲ್ಲ. ಅಲ್ಲಿ ಬಿಸಿಲಿದೆ ಎಂದರೆ ಬೆಚ್ಚಗಿದೆ ಎಂದೇ ಅರ್ಥ. ಇಲ್ಲಿ ಬಿಸಿಲಿಗೂ ಬಿಸಿಗೂ ಸಂಬಂಧವಿಲ್ಲದ ದಿನಗಳೇ ವಸಂತದ ತುಂಬ.

ಹಿಮ ಹೋದರೆ ಸಾಲದು

ಇಲ್ಲಿ ತೋಟ ಮಾಡುವವರ ಬಾಯಲ್ಲಿ ಒಂದು ಮಾತಿದೆ: ವಿಕ್ಟೋರಿಯಾ ಡೇ ಆದ ಮೇಲೆ ಸಸಿ ನೆಡಿ. ಮೇ 25ಕ್ಕೆ ಮುಂಚಿನ ಸೋಮವಾರ ಬರುವ ರಜೆ ಅದು. ಆ ವಾರಾಂತ್ಯ ನರ್ಸರಿಗಳಲ್ಲಿ ಜಾತ್ರೆಯಷ್ಟು ಜನ. ಅಷ್ಟರಲ್ಲಿ ಈ ಭಾಗದಲ್ಲಿ ನೆಲದ ಮೇಲೆ ಇಬ್ಬನಿ ಹೆಪ್ಪುಗಟ್ಟುವ ‘ಫ್ರಾಸ್ಟ್’ ಭಯ ಹೆಚ್ಚುಕಡಿಮೆ ಕಳೆದಿರುತ್ತದೆ. ಕೋಸು, ಬಟಾಣಿಗೆ ಅಷ್ಟು ದಿನ ಕಾಯುವುದೂ ಬೇಕಿಲ್ಲ. ಟೊಮೆಟೊಗೆ ಅದು ಸರಿಯಾದ ಮಾತು. ಬದನೆಗೆ ಅರ್ಧ ಸರಿ.

ಕಾರಣ, ಬದನೆಗೆ ಪೆಟ್ಟು ಬೀಳಲು ಸೊನ್ನೆ ಡಿಗ್ರಿಯೇ ಆಗಬೇಕೆಂದಿಲ್ಲ. ರಾತ್ರಿಯ ತಾಪಮಾನ 10 ಡಿಗ್ರಿಗಿಂತ ಕೆಳಗಿಳಿದರೆ ಸಾಕು, ಗಿಡ ನಲುಗುತ್ತದೆ. 15ರ ಆಸುಪಾಸಿನಲ್ಲಿ ಬೆಳವಣಿಗೆ ಬಹುತೇಕ ನಿಂತುಹೋಗುತ್ತದೆ. ಈಗ ಇಲ್ಲಿನ ಅಂಕಿಗಳನ್ನು ನೋಡಿ. ಟೊರೊಂಟೊ ವಿಮಾನ ನಿಲ್ದಾಣದ ಸುತ್ತಮುತ್ತ ಮೇ ತಿಂಗಳ ಸರಾಸರಿ ಕನಿಷ್ಠ ತಾಪಮಾನ ಸುಮಾರು 8 ಡಿಗ್ರಿ. ಬೆಂಗಳೂರಿನಲ್ಲಿ ಇದುವರೆಗೆ ದಾಖಲಾದ ಅತಿ ಕಡಿಮೆ ತಾಪಮಾನ 1884ರ ಜನವರಿಯ 7.8 ಡಿಗ್ರಿ. ಅಂದರೆ ಬೆಂಗಳೂರಿನ ಇತಿಹಾಸದಲ್ಲೇ ಅತ್ಯಂತ ಚಳಿಯ ರಾತ್ರಿ ಇಲ್ಲಿ ಮೇ ತಿಂಗಳ ಸಾಮಾನ್ಯ ರಾತ್ರಿ. ಜೂನ್‌ನಲ್ಲಿ ಈ ಸರಾಸರಿ ಸುಮಾರು 13ಕ್ಕೆ ಏರುತ್ತದೆ. ಬದನೆ ನೆಲಕ್ಕಿಳಿಯಬೇಕಾದದ್ದು ಆಗ.

ಸರಾಸರಿ ಎಂಬ ಪದದ ಬಗ್ಗೆ ಲೆಕ್ಕಿಗನಾಗಿ ಒಂದು ಮಾತು. ‘ಕೊನೆಯ ಫ್ರಾಸ್ಟ್‌ನ ಸರಾಸರಿ ದಿನ’ ಎಂದು ಬೀಜದ ಪಟ್ಟಿಗಳಲ್ಲಿ ಬರೆದಿರುವುದನ್ನು ಅನೇಕರು ಭರವಸೆಯೆಂದು ಓದಿಕೊಳ್ಳುತ್ತಾರೆ. ಸರಾಸರಿ ಎಂದರೆ ಸುಮಾರು ಅರ್ಧದಷ್ಟು ವರ್ಷಗಳಲ್ಲಿ ಆ ದಿನದ ನಂತರವೂ ಫ್ರಾಸ್ಟ್ ಬಿದ್ದಿದೆ ಎಂದೇ ಅರ್ಥ. ಆದ್ದರಿಂದ ಕ್ಯಾಲೆಂಡರ್ ನೋಡುವುದು ಒಂದು ಸಲ ಸಾಕು, ರಾತ್ರಿಯ ಮುನ್ಸೂಚನೆ ಮತ್ತು ಮಣ್ಣಿನ ತಾಪಮಾನ ನೋಡುವುದು ದಿನವೂ ಬೇಕು. ಮಣ್ಣು ಬೆಳಗಿನ ಹೊತ್ತಿನಲ್ಲೂ 18 ಡಿಗ್ರಿಯ ಹತ್ತಿರ ಇದ್ದು, ರಾತ್ರಿ 12–13ಕ್ಕಿಂತ ಕೆಳಗೆ ಹೋಗದ ವಾರ ಕಂಡರೆ ಅದೇ ನಾಟಿಯ ಮುಹೂರ್ತ.

ಚಳಿ ಗಿಡದೊಳಗೆ ಮಾಡುವುದೇನು?

ಚಳಿ ತಗುಲಿದ ಬದನೆ ಮರುದಿನವೇ ಸಾಯುವುದಿಲ್ಲ. ಹೀಗಾಗಿಯೇ ಇದು ಗೊತ್ತಾಗದ ನಷ್ಟ. ತಣ್ಣನೆಯ ಮಣ್ಣಿನಲ್ಲಿ ಬೇರು ನೀರೆಳೆಯುವುದು ನಿಧಾನವಾಗುತ್ತದೆ. ಮಣ್ಣು ಒದ್ದೆಯಾಗಿದ್ದರೂ ಎಲೆ ಬಾಡುತ್ತದೆ. ಬಾಡಿದೆಯೆಂದು ಇನ್ನಷ್ಟು ನೀರು ಹಾಕಿದರೆ ಮಣ್ಣು ಮತ್ತಷ್ಟು ತಣ್ಣಗಾಗಿ ಬೇರು ಕೊಳೆಯುವ ದಾರಿ ಹಿಡಿಯುತ್ತದೆ. ರಂಜಕವನ್ನು ಹೀರಿಕೊಳ್ಳಲಾಗದೆ ಎಲೆಯ ಅಡಿಭಾಗ ನೇರಳೆಗೆ ತಿರುಗುತ್ತದೆ. ಜೀವಕೋಶದ ಪೊರೆಗಳು ಚಳಿಗೆ ಬಿರುಸಾಗಿ ಸೋರತೊಡಗುತ್ತವೆ. ಮೊಗ್ಗು ಬಂದ ಮೇಲೂ ರಾತ್ರಿ ತಣ್ಣಗಿದ್ದರೆ ಪರಾಗ ಕೆಲಸಕ್ಕೆ ಬಾರದೆ ಹೂವು ಉದುರುತ್ತದೆ.

ಹೀಗೆ ನಲುಗಿದ ಸಸಿ ಚೇತರಿಸಿಕೊಳ್ಳಲು ವಾರಗಳೇ ಬೇಕು. ಮೇ ಮಧ್ಯದಲ್ಲಿ ಅವಸರ ಮಾಡಿ ನೆಟ್ಟ ಗಿಡವನ್ನು ಜೂನ್ ಮೊದಲ ವಾರ ಬೆಚ್ಚಗಿನ ಮಣ್ಣಿಗಿಳಿದ ಗಿಡ ಹಿಂದೆ ಹಾಕುವುದನ್ನು ಅಕ್ಕಪಕ್ಕದ ಪಾತಿಗಳಲ್ಲಿ ಕಣ್ಣಾರೆ ನೋಡಬಹುದು.

ಮನೆಯೊಳಗಿನ ಒಟ್ಲು

ಜೂನ್ 1ರ ನಾಟಿಗೆ ಎಂಟರಿಂದ ಹತ್ತು ವಾರದ ಸಸಿ ಬೇಕು. ಹಿಂದಕ್ಕೆ ಎಣಿಸಿದರೆ ಬೀಜ ಹಾಕುವುದು ಮಾರ್ಚ್ ಎರಡನೇ ವಾರದ ನಂತರ. ಮೊಳಕೆಗೆ 25ರಿಂದ 30 ಡಿಗ್ರಿ ಬಿಸಿ ಇದ್ದರೆ ಒಂದರಿಂದ ಎರಡು ವಾರದಲ್ಲಿ ಬೀಜ ಏಳುತ್ತದೆ. ಮನೆಯ ಹೀಟಿಂಗ್ ಸಾಮಾನ್ಯವಾಗಿ 20–21ರಲ್ಲಿರುವುದರಿಂದ ಟ್ರೇ ಕೆಳಗೆ ಹೀಟ್ ಮ್ಯಾಟ್ ಹಾಕುತ್ತಾರೆ. ಅದಿಲ್ಲದವರಿಗೆ ಬೆಚ್ಚಗಿರುವ ಫ್ರಿಜ್‌ನ ತಲೆಯೇ ಒಟ್ಲು. ಮೊಳಕೆ ಬಂದ ದಿನವೇ ಬೆಳಕಿಗೆ ತರಬೇಕು. ದಕ್ಷಿಣದ ಕಿಟಕಿ ಅಥವಾ ದಿನಕ್ಕೆ 14–16 ಗಂಟೆ ಉರಿಯುವ ದೀಪ ಇಲ್ಲದಿದ್ದರೆ ಸಸಿ ಸಣಕಲಾಗಿ ಉದ್ದಕ್ಕೆ ಎಳೆಯುತ್ತದೆ.

ತಳಿಯ ಆಯ್ಕೆಯೂ ಚಳಿಯಿಂದ ಕಾಪಾಡುವ ಒಂದು ಉಪಾಯವೇ. ‘ಇಚಿಬಾನ್’ನಂಥ ಉದ್ದ ಬದನೆ ನಾಟಿಯಾದ ಸುಮಾರು 60 ದಿನಕ್ಕೆ ಕಾಯಿ ಕೊಡುತ್ತದೆ. ದಪ್ಪ ಕಾಯಿಯ ‘ಬ್ಲ್ಯಾಕ್ ಬ್ಯೂಟಿ’ಗೆ 75–80 ದಿನ ಬೇಕು. ಬೇಸಿಗೆ ಚಿಕ್ಕದಾದ ಕಡೆ ಬೇಗ ಬಿಡುವ ತಳಿಗೆ ಜೂನ್‌ವರೆಗೆ ಕಾಯಲು ಪುರುಸೊತ್ತಿರುತ್ತದೆ.

ಮೇ ಕೊನೆಯ ಹತ್ತು ದಿನ ಸಸಿಗೆ ಹೊರಗಿನ ಗಾಳಿ ಅಭ್ಯಾಸ ಮಾಡಿಸುವ ಸಮಯ. ಮೊದಲ ದಿನ ಗಾಳಿ ಬೀಸದ ನೆರಳಿನಲ್ಲಿ ಒಂದೆರಡು ಗಂಟೆ, ನಂತರ ದಿನದಿನಕ್ಕೆ ಹೆಚ್ಚು ಹೊತ್ತು, ಸ್ವಲ್ಪ ಸ್ವಲ್ಪ ಬಿಸಿಲು. ಸಂಜೆಯಾದ ಕೂಡಲೇ ಒಳಗೆ. ಮನೆಯಲ್ಲಿ ಹಿರಿಯರಿದ್ದರೆ ಈ ಕೆಲಸ ಸಲೀಸು. ಇಬ್ಬರೂ ಆಫೀಸಿಗೆ ಹೋಗುವ ಮನೆಯಲ್ಲಿ ಇದೇ ಕಷ್ಟದ ಹಂತ.

ನೆಲವನ್ನೇ ಬೆಚ್ಚಗೆ ಮಾಡುವುದು

ಹೊದಿಕೆಯ ಮಾತು ಆಮೇಲೆ, ಮೊದಲು ನೆಲ. ನಾಟಿಗೆ ಎರಡು ವಾರ ಮುಂಚೆ ಪಾತಿಗೆ ಗೊಬ್ಬರ ಸೇರಿಸಿ, ನೀರುಣಿಸಿ, ಕಪ್ಪು ಪ್ಲಾಸ್ಟಿಕ್ ಹಾಳೆಯನ್ನು ಮಣ್ಣಿಗೆ ಅಂಟುವಂತೆ ಬಿಗಿಯಾಗಿ ಹಾಸಬೇಕು. ಅಂಚುಗಳ ಮೇಲೆ ಮಣ್ಣು ಎಳೆಯಬೇಕು. ಬಿಸಿಲಿನ ಶಾಖವನ್ನು ಅದು ನೆಲಕ್ಕೆ ದಾಟಿಸುತ್ತದೆ. ನಾಟಿಯ ದಿನ ಅದರಲ್ಲೇ ಒಂದೂವರೆ ಎರಡು ಅಡಿಗೊಂದು ತೂತು ಮಾಡಿ ಸಸಿ ಇಳಿಸಬಹುದು. ನೆಲದಿಂದ ಒಂದಡಿ ಎತ್ತರಿಸಿದ ಮರದ ಚೌಕಟ್ಟಿನ ಪಾತಿಯ ಮಣ್ಣು ಸಮತಟ್ಟಿನ ಪಾತಿಗಿಂತ ಬೇಗ ಬಿಸಿಯಾಗುತ್ತದೆ. ಹೊಸ ಬಡಾವಣೆಗಳಲ್ಲಿ ಹಿತ್ತಲೆಲ್ಲ ಜೇಡಿಮಣ್ಣೇ ಆದ್ದರಿಂದ ಇದು ಇನ್ನೂ ಅನುಕೂಲ.

ನಲ್ಲಿ ನೀರಿನ ಬಗ್ಗೆಯೂ ಗಮನವಿರಲಿ. ಮೇ ತಿಂಗಳಲ್ಲಿ ಒಂಟಾರಿಯೊ ಸರೋವರದ ನೀರು ಇನ್ನೂ ಕೊರೆಯುತ್ತಿರುತ್ತದೆ, ಈ ಭಾಗದ ಹೆಚ್ಚಿನ ನಲ್ಲಿಗಳಲ್ಲಿ ಬರುವುದು ಅದೇ ನೀರು. ಬೆಳಿಗ್ಗೆ ಬಕೆಟ್ ತುಂಬಿ ಬಿಸಿಲಿಗಿಟ್ಟು, ಮಧ್ಯಾಹ್ನ ಬುಡಕ್ಕೆ ಹಾಕುವುದು ಒಳ್ಳೆಯದು.

ರಾತ್ರಿಯ ಹೊದಿಕೆ

ಇಷ್ಟೆಲ್ಲ ಕಾದು ನೆಟ್ಟ ಮೇಲೂ ಜೂನ್ ಮೊದಲ ಎರಡು ವಾರ 7–8 ಡಿಗ್ರಿಯ ರಾತ್ರಿಗಳು ಬರುವುದುಂಟು. ಆಕಾಶ ತಿಳಿಯಾಗಿದ್ದು ಗಾಳಿ ನಿಂತ ರಾತ್ರಿಯೇ ಹೆಚ್ಚು ಅಪಾಯ. ಮೋಡವಿದ್ದರೆ ಅದೇ ಭೂಮಿಗೆ ಕಂಬಳಿ. ಮೋಡವಿಲ್ಲದಾಗ ಹಗಲು ಮಣ್ಣು ಕುಡಿದ ಶಾಖವೆಲ್ಲ ಮೇಲಕ್ಕೆ ಹೋಗಿಬಿಡುತ್ತದೆ. ಹವಾಮಾನ ಇಲಾಖೆ ಹೇಳುವ ತಾಪಮಾನ ನೆಲದಿಂದ ಸುಮಾರು ಐದಡಿ ಎತ್ತರದ್ದು. ತಿಳಿಯಾದ ರಾತ್ರಿ ನೆಲಮಟ್ಟದಲ್ಲಿ ಅದಕ್ಕಿಂತ ಎರಡು ಮೂರು ಡಿಗ್ರಿ ಕಡಿಮೆ ಇರಬಹುದು. ಮುನ್ಸೂಚನೆ 12 ಎಂದರೆ ಸಸಿಯ ಮಟ್ಟಿಗೆ 9 ಎಂದು ಓದಿಕೊಳ್ಳಿ.

ಹೊದಿಕೆಯ ಕೆಲಸ ಸಸಿಗೆ ಬಿಸಿ ಕೊಡುವುದಲ್ಲ, ಮಣ್ಣಿನಿಂದ ಏಳುವ ಬಿಸಿಯನ್ನು ಹಿಡಿದಿಡುವುದು. ಆದ್ದರಿಂದ ಅದು ನೆಲದವರೆಗೆ ಇಳಿದಿರಬೇಕು, ಅಂಚಿಗೆ ಕಲ್ಲು ಇಟ್ಟಿರಬೇಕು. ಗಿಡದ ತಲೆಗೆ ಬಟ್ಟೆ ಹಾಕಿ ಕಾಂಡಕ್ಕೆ ಗಂಟು ಕಟ್ಟಿದರೆ ಕೆಳಗಿನ ಬಿಸಿ ಒಳಗೆ ಬರುವುದೇ ಇಲ್ಲ. ನಮ್ಮವರ ಮನೆಗಳಲ್ಲಿ ಬಳಕೆಯಲ್ಲಿರುವ ಉಪಾಯಗಳು ಇವು:

ಹಳೆಯ ಬೆಡ್‌ಶೀಟ್ ಅಥವಾ ಹತ್ತಿ ಸೀರೆ: ನಾಲ್ಕು ಕೋಲು ನೆಟ್ಟು, ಎಲೆಗೆ ತಾಗದಂತೆ ಹೊದಿಸಬೇಕು. ಪ್ಲಾಸ್ಟಿಕ್ ಹಾಳೆಯಾದರೆ ಅದು ತಾಗಿದ ಎಲೆಗೇ ಚಳಿ ದಾಟುತ್ತದೆ, ಬಟ್ಟೆ ವಾಸಿ. ಬೆಳಿಗ್ಗೆ ತೆಗೆಯಲು ಮರೆಯಬಾರದು.

ತೋಟದ ಬಿಳಿ ಹೊದಿಕೆ ಬಟ್ಟೆ: ನರ್ಸರಿಗಳಲ್ಲಿ ಸಿಗುವ ಇದು ಬೆಳಕು, ಗಾಳಿ, ಮಳೆ ಮೂರನ್ನೂ ಒಳಗೆ ಬಿಡುತ್ತದೆ. ತೆಳುವಾದದ್ದು ಒಂದೆರಡು ಡಿಗ್ರಿ, ದಪ್ಪದ್ದು ಮೂರು ನಾಲ್ಕು ಡಿಗ್ರಿ ರಕ್ಷಣೆ ಕೊಡುತ್ತದೆ. ತಂತಿಯ ಕಮಾನುಗಳ ಮೇಲೆ ಹಾಕಿದರೆ ಹಗಲೂ ಬಿಟ್ಟಿರಬಹುದು. ಆಫೀಸಿಗೆ ಹೋಗುವವರಿಗೆ ಇದೇ ಸೂಕ್ತ. ಬದನೆ ಎಲೆಯನ್ನು ಜರಡಿಯಂತೆ ತೂತು ಮಾಡುವ, ಚಿಗಟದಂತೆ ಜಿಗಿಯುವ ಪುಟ್ಟ ಕಪ್ಪು ದುಂಬಿಯನ್ನೂ ಇದು ದೂರವಿಡುತ್ತದೆ.

ನೀರಿನ ಕ್ಯಾನ್: ಇಲ್ಲಿ ಹಾಲು ಹೆಚ್ಚಾಗಿ ಚೀಲದಲ್ಲಿ ಬರುವುದರಿಂದ ವಿನಿಗರ್ ಅಥವಾ ಕುಡಿಯುವ ನೀರಿನ ನಾಲ್ಕು ಲೀಟರ್ ಕ್ಯಾನ್‌ಗಳನ್ನು ತುಂಬಿಸಿ ಸಸಿಯ ಪಕ್ಕ ಹೊದಿಕೆಯೊಳಗೇ ಇಡುತ್ತಾರೆ. ಹಗಲು ಬಿಸಿಯಾದ ನೀರು ರಾತ್ರಿ ನಿಧಾನವಾಗಿ ಶಾಖ ಬಿಡುತ್ತದೆ. ಖಾಲಿ ಕ್ಯಾನಿನ ತಳ ಕತ್ತರಿಸಿ ಸಸಿಯ ಮೇಲೆ ಟೋಪಿಯಂತೆ ಕೂರಿಸುವುದೂ ಉಂಟು. ಆದರೆ ಹಗಲು ಮುಚ್ಚಳ ತೆಗೆದಿಡಬೇಕು. ಇಲ್ಲವಾದರೆ ಬಿಸಿಲಿಗೆ ಒಳಗೇ ಬೆಂದುಹೋಗುತ್ತದೆ.

ಮೊದಲ ಹೂವು ಕಂಡ ಮೇಲೆ ಹಗಲಿನಲ್ಲಿ ಹೊದಿಕೆ ಬೇಡ. ಬದನೆ ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದಾದರೂ ಅದನ್ನು ಉದುರಿಸಲು ಗಾಳಿಯ ಅಲುಗಾಟವೋ ದಪ್ಪ ದುಂಬಿಯ ಗುಂಯ್‌ಗುಡುವಿಕೆಯೋ ಬೇಕು.

ಹಿತ್ತಲಿಲ್ಲದವರಿಗೆ

ಹೊಸದಾಗಿ ಬಂದು ಬೇಸ್‌ಮೆಂಟ್‌ನಲ್ಲಿ ಬಾಡಿಗೆಗಿರುವವರು, ಅಪಾರ್ಟ್‌ಮೆಂಟ್‌ನವರು ಬೇಸರಪಡಬೇಕಿಲ್ಲ. ಚಳಿಯ ವಿಷಯದಲ್ಲಿ ಕುಂಡವೇ ಹೆಚ್ಚು ಅನುಕೂಲ. ತಳಕ್ಕೆ ತೂತು ಮಾಡಿದ 18–20 ಲೀಟರಿನ ಕಪ್ಪು ಬಕೆಟ್‌ಗೆ ಒಂದೇ ಸಸಿ. ಕಪ್ಪು ಬಣ್ಣಕ್ಕೆ ಮಣ್ಣು ಬೇಗ ಬಿಸಿಯಾಗುತ್ತದೆ. ಚಳಿಯ ರಾತ್ರಿ ಗ್ಯಾರೇಜಿಗೋ ಬಾಗಿಲೊಳಕ್ಕೋ ಎತ್ತಿಟ್ಟರಾಯಿತು. ಹಗಲು ಬಿಸಿಲು ಕುಡಿದ ಇಟ್ಟಿಗೆ ಗೋಡೆಯ ಪಕ್ಕ ಇಟ್ಟರೆ ರಾತ್ರಿಯೂ ಸ್ವಲ್ಪ ಬಿಸಿ ಸಿಗುತ್ತದೆ. ಸರೋವರದ ದಂಡೆಯ ಪೋರ್ಟ್ ಕ್ರೆಡಿಟ್ ಕಡೆಯವರಿಗೆ ವಸಂತದಲ್ಲಿ ಫ್ರಾಸ್ಟ್ ಕಡಿಮೆಯಾದರೂ ನೀರಿನ ಮೇಲಿಂದ ಬೀಸುವ ತಣ್ಣನೆ ಗಾಳಿ ಹೆಚ್ಚು. ಅಲ್ಲಿ ಗಾಳಿಗೆ ಮರೆಯಿರುವ ಮೂಲೆ ಹುಡುಕಬೇಕು. ಉತ್ತರಕ್ಕೆ ಕ್ಯಾಲಡಾನ್ ಕಡೆಯವರು ಎಲ್ಲಕ್ಕೂ ಇನ್ನೊಂದು ವಾರ ಸೇರಿಸಿಕೊಳ್ಳಬೇಕು.

ಊರಿನವರಿಗೆ ಎರಡು ಮಾತು

ಮಕ್ಕಳ ಬಳಿಗೆ ಬರುವಾಗ ಮನೆಯ ಬದನೆ ಬೀಜವನ್ನು ಪೊಟ್ಟಣ ಕಟ್ಟಿ ತರುವ ಆಸೆ ಸಹಜ. ಆದರೆ ಕೆನಡಾಕ್ಕೆ ತರುವ ಬೀಜ, ಗಿಡ, ಮಣ್ಣು ಯಾವುದೇ ಇರಲಿ, ವಿಮಾನ ನಿಲ್ದಾಣದಲ್ಲಿ ಘೋಷಿಸಲೇಬೇಕು. ಯಾವ ಬೀಜಕ್ಕೆ ಅವಕಾಶವಿದೆ, ಯಾವ ಕಾಗದ ಬೇಕು ಎಂಬುದನ್ನು ಇಲ್ಲಿನ ಆಹಾರ ತಪಾಸಣಾ ಸಂಸ್ಥೆಯ ನಿಯಮದಲ್ಲಿ ಮಕ್ಕಳಿಂದ ಮೊದಲೇ ನೋಡಿಸಿಕೊಳ್ಳಿ. ಹೇಳದೆ ತಂದು ಸಿಕ್ಕಿಬಿದ್ದರೆ ಬೀಜ ಹೋಗುವುದಲ್ಲದೆ ದಂಡವೂ ಬೀಳಬಹುದು.

ಎರಡನೆಯದು, ಮೇ ತಿಂಗಳ ವಿಡಿಯೊ ಕಾಲ್‌ನಲ್ಲಿ ಮಕ್ಕಳು ಬದನೆ ಗಿಡಕ್ಕೆ ಬೆಡ್‌ಶೀಟ್ ಹೊದಿಸುವುದನ್ನು ಕಂಡರೆ ನಗಬೇಡಿ, ‘ನೆಟ್ಟುಬಿಡು’ ಎಂದು ಅವಸರಿಸಲೂ ಬೇಡಿ. ಇದರಲ್ಲಿ ನಿಮ್ಮದೇ ಲೆಕ್ಕವೂ ಇದೆ. ವಿಸಿಟರ್ ವೀಸಾದಲ್ಲಿ ಬಂದವರಿಗೆ ಸಾಮಾನ್ಯವಾಗಿ ಸಿಗುವುದು ಆರು ತಿಂಗಳು. ಏಪ್ರಿಲ್ ಕೊನೆಗೆ ಬಂದರೆ ಅಕ್ಟೋಬರ್ ಕೊನೆಗೆ ಹೊರಡಬೇಕು. ಸೆಪ್ಟೆಂಬರ್ ಮಧ್ಯಕ್ಕೆ ರಾತ್ರಿಗಳು ಮತ್ತೆ 10 ಡಿಗ್ರಿಯತ್ತ ಇಳಿದು ಬದನೆ ಕಾಯಿ ಕಟ್ಟುವುದು ಕಡಿಮೆಯಾಗುತ್ತದೆ, ಅಕ್ಟೋಬರ್‌ನಲ್ಲಿ ಫ್ರಾಸ್ಟ್ ಬಂದು ಗಿಡ ಕಪ್ಪಾಗುತ್ತದೆ. ಜೂನ್ ಮೊದಲ ವಾರ ಬೆಚ್ಚಗಿನ ನೆಲಕ್ಕಿಳಿದ ಸಸಿ ಆಗಸ್ಟ್ ಮೊದಲ ವಾರ ಕಾಯಿಗೆ ಬಂದರೆ ಕೊಯ್ಲಿಗೆ ಸಿಗುವುದು ಆರೇಳು ವಾರ. ಚಳಿಗೆ ಸಿಕ್ಕು ಮೂರು ವಾರ ಹಿಂದೆ ಬಿದ್ದರೆ ಅದರಲ್ಲಿ ಹೆಚ್ಚುಕಡಿಮೆ ಅರ್ಧ ಹೋಯಿತು. ಇಲ್ಲಿ ಕಳೆದುಹೋದ ವಾರವನ್ನು ಮುಂದಿನ ತಿಂಗಳಿಗೆ ಸಾಗಹಾಕಲು ಬರುವುದಿಲ್ಲ.

ಹಾವೇರಿಯ ಕಾಕಾ ಆ ವರ್ಷ ಎರಡೂ ಮನೆಯ ಪಾತಿಗಳ ಹೊದಿಕೆಯ ಉಸ್ತುವಾರಿ ವಹಿಸಿಕೊಂಡರು. ಸಂಜೆ ಏಳಕ್ಕೆ ಹೊದಿಸುವುದು, ಬೆಳಿಗ್ಗೆ ಎಂಟಕ್ಕೆ ತೆಗೆಯುವುದು. ಅಪರಿಚಿತ ಊರಿನಲ್ಲಿ ಹೊತ್ತು ಹೋಗದೆ ಕೂತಿದ್ದವರಿಗೆ ದಿನಕ್ಕೆರಡು ಬಾರಿ ಹೊರಗೆ ಬರಲು ಕಾರಣ ಸಿಕ್ಕಿತು. ಬೇಲಿಯಾಚೆ ತನ್ನ ಟೊಮೆಟೊ ಗಿಡಕ್ಕೂ ಅದನ್ನೇ ಮಾಡುತ್ತಿದ್ದ ಪೋರ್ಚುಗೀಸ್ ಅಜ್ಜನೊಡನೆ ಭಾಷೆಯಿಲ್ಲದ ಸ್ನೇಹವೂ ಬೆಳೆಯಿತು. ಆಗಸ್ಟ್‌ನಲ್ಲಿ ಆ ಮನೆಯಿಂದ ನಮಗೆ ಜೋಳದ ರೊಟ್ಟಿ, ಎಣ್ಣೆಗಾಯಿ ಬಂತು. ಡಬ್ಬಿ ಕೊಡುತ್ತಾ ಕಾಕಾ ಹೇಳಿದ್ದು ಇಷ್ಟೇ: ‘ನೆಲಾ ಕೇಳಿ ಹಚ್ಚಿದ್ವಿ ತಮ್ಮಾ, ನೆಲಾ ಕೊಡ್ತು.’